ಐದನೇ ಸುತ್ತಿನ ನಂತರ

ಮೈಲಾರಪ್ಪ, ನೀವು ಕುರಿ ಕದ್ದಿರಲಿಲ್ಲ. ಅದು ನನಗೆ ಆ ದಿನವೇ ಗೊತ್ತಾಗಿತ್ತು — ಹೆಗಲ ಮೇಲೆ ಕುರಿ ಹೊತ್ತು ನೀವು ಶಾಲೆಯ ಮೈದಾನ ಸುತ್ತುತ್ತಿದ್ದಾಗಲೇ, ಐದನೇ ಸುತ್ತು ಮುಗಿಯುವ ಹೊತ್ತಿಗೆ. ಹತ್ತು ಸುತ್ತು ಎಂದಿದ್ದೆ. ಹತ್ತನ್ನೂ ಹಾಕಿಸಿದೆ.

ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಈಗೇಕೆ ಬರೆಯುತ್ತಿದ್ದೇನೆ ಎಂದು ನೀವು ಅನುಮಾನಪಟ್ಟರೆ ಅದು ಸರಿಯೇ. ನನಗೂ ನನ್ನ ಮೇಲೆ ಅನುಮಾನವಿದೆ.

ಅನುಮಾನ ನನ್ನ ಹುಟ್ಟುಗುಣ. ನಿಮ್ಮೂರಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ವ್ಯಾಯಾಮ, ಏಳಕ್ಕೆ ಶೀಟಿ. ತಡವಾಗಿ ಬಂದ ಹುಡುಗ ಕಾರಣ ಹೇಳಿದರೆ, ಆ ಕಾರಣ ಸುಳ್ಳೆಂದೇ ನನ್ನ ಲೆಕ್ಕ. ಮೊದಲು ಮೈದಾನ ಸುತ್ತಿ ಬಾ, ಆಮೇಲೆ ಮಾತು — ಇದು ನನ್ನ ಕ್ರಮ. ಊರಿನವರು ಅದನ್ನು ಶಿಸ್ತು ಎಂದು ಕರೆದರು. ನಾನು ನಂಬಿದೆ.

ಆ ವರ್ಷ ಮನೆ ಮುಂದೆ ಕಟ್ಟಿದ ಕುರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಠಾಣೆಗೆ ದೂರು ಕೊಟ್ಟರೂ ಯಾರೂ ಬರಲಿಲ್ಲ. ನಾನು ಹತ್ತು ಜನ ಯುವಕರನ್ನು ಸೇರಿಸಿ ಕಾವಲು ಪಡೆ ಕಟ್ಟಿದೆ. ಪಾಳಿ ಹಾಕಿದೆ, ಹಾಜರಿ ತೆಗೆದುಕೊಂಡೆ. ಯಾರ ಮನೆಯ ಕುರಿಗೆ ಕಿವಿಯಲ್ಲಿ ಎಂಥ ಕೊಯ್ತದ ಗುರುತು ಇದೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡೆ. ಎಡಗಿವಿ ಸೀಳಿದ್ದು ಇಂಥವರದು, ಬಲಗಿವಿಯ ತುದಿ ಕತ್ತರಿಸಿದ್ದು ಇಂಥವರದು. ನಿಮ್ಮದು ಬಲಗಿವಿಯ ತುದಿ. ಪುಸ್ತಕ ಬಹಳ ಅಚ್ಚುಕಟ್ಟಾಗಿತ್ತು.

ಆ ಬೆಳಿಗ್ಗೆ ಎಂಟರ ಸುಮಾರಿಗೆ ನೀವು ಎರಡು ಕುರಿ ಹೊಡೆದುಕೊಂಡು ಸಂತೆಗೆ ಹೊರಟಿದ್ದಿರಿ. ಎರಡರ ಕಿವಿಯಲ್ಲೂ ನಡುವೆ ತೂತು. ನನ್ನ ಪುಸ್ತಕದಲ್ಲಿ ಅಂಥ ಗುರುತೇ ಇರಲಿಲ್ಲ. ಅಷ್ಟು ಸಾಕಾಯಿತು. ನಮ್ಮೂರ ಕುರಿ ಬೇರೆ ಊರಿಗೆ, ಬೇರೆ ಊರ ಕುರಿ ನಮ್ಮೂರಿಗೆ, ಹೀಗೆ ಅದಲುಬದಲು ಮಾಡುವ ಜಾಲವೊಂದಿದೆ ಎಂದು ನಿಂತಲ್ಲೇ ತೀರ್ಮಾನಿಸಿದೆ. ಶೀಟಿ ಊದಿದೆ.

"ಇವು ನಮ್ಮನೆಯಾಕಿ ತವರಿನ ಕುರಿ ಸಾ. ಹಿರಿಯೂರು ಕಡೇವು," ಎಂದಿರಿ.

"ಹೆಂಡ್ತಿ ಎಲ್ಲಿ, ಕರಿ."

"ತವರಿಗೆ ಹೋಗ್ಯಾಳೆ ಸಾ."

ಪಡೆಯ ಹುಡುಗರು ನಕ್ಕರು. ನಾನೂ ನಕ್ಕೆ. ಕುರಿ ಸಾಕುವ ಮನೆಗಳ ಉಳಿದ ಗಂಡಸರೆಲ್ಲ ಮಂದೆಯ ಜೊತೆ ದೂರ ಹೋಗಿದ್ದ ಕಾಲ ಅದು. ನಿಮ್ಮ ಪರ ಮಾತಾಡುವವರು ಅಲ್ಲಿ ಇರಲಿಲ್ಲ. ಒಂದು ಕುರಿಯನ್ನು ನಿಮ್ಮ ಹೆಗಲಿಗೇರಿಸಿ ಮೈದಾನಕ್ಕೆ ಇಳಿಸಿದೆ. ಕೈ ಎತ್ತಲಿಲ್ಲ, ಬೈಯಲಿಲ್ಲ; ಅದೇ ನನ್ನ ಹೆಮ್ಮೆ. ಎಣಿಸಿದೆ, ಅಷ್ಟೇ.

"ಲೇ ಮೈಲಾರಿ, ಕುರಿನೇ ನಿನ್ ಮ್ಯಾಲೆ ಸವಾರಿ ಮಾಡ್ತೈತಲ್ಲೋ!" ಎಂದು ಯಾರೋ ಕೂಗಿದರು. ನೀವು ತಲೆ ಎತ್ತಲಿಲ್ಲ.

ಐದನೇ ಸುತ್ತಿನಲ್ಲಿ ಕುರಿ ಸಾಕುವ ಮನೆಯ ಅಜ್ಜಿಯೊಬ್ಬರು ಕೋಲೂರಿಕೊಂಡು ನನ್ನ ಬಳಿ ಬಂದರು. ಬೇರೆ ಯಾರಿಗೂ ಕೇಳದಂತೆ ಹೇಳಿದರು: "ಮೇಷ್ಟ್ರೇ, ಅದು ಹೆಣ್ಮಗಳ ಗುರುತು ಕಣಪ್ಪ. ಅಪ್ಪ ಮಗಳಿಗೆ ಕೊಟ್ಟ ಕುರಿಗೆ ಗಂಡನ ಮನೆ ಕೊಯ್ತ ಹಾಕಂಗಿಲ್ಲ. ಅದ್ರ ಮರಿಗೂ ತವರಿನ ಗುರುತೇ. ಆಕೀದು ಆಕೀಗೇ ಇರ್ಲಿ ಅಂತ. ಆ ಹುಡುಗನ್ನ ಬಿಟ್ಬಿಡು."

ನಾನು ಎಣಿಕೆ ತಪ್ಪಿಸಲಿಲ್ಲ. "ಸುಮ್ನೆ ಮನೀಗೆ ಹೋಗ್ರಜ್ಜಿ," ಎಂದೆ. ಆರು. ಏಳು.

ಅಜ್ಜಿಯ ಮಾತು ನಿಜವೆಂದು ಕೇಳಿದ ಕೂಡಲೇ ತಿಳಿಯಿತು. ಮನೆಮನೆಗೆ ಹೋಗಿ ಬರೆದುಕೊಂಡಾಗ ನಾನು ಗಂಡಸರನ್ನು ಮಾತ್ರ ಕೇಳಿದ್ದೆ, ಹೆಂಗಸರ ಕುರಿ ಎಂಬುದೊಂದು ಇರುತ್ತದೆ ಎಂದು — ಇಲ್ಲ, ಅದು ಬೇಡ. ಅದು ನೆಪವಾಗುತ್ತದೆ. ಗೊತ್ತಿಲ್ಲದೆ ಹಾಕಿಸಿದ್ದು ಐದು ಸುತ್ತು. ಗೊತ್ತಿದ್ದೂ ಹಾಕಿಸಿದ್ದು ಐದು.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ನಿಮ್ಮನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಪೊಲೀಸರಿಗೆ ಕೊಡಲ್ಲ. ಹೋಗು. ಇನ್ನೊಂದು ಸಲ ಹಿಂಗಾಗಬಾರ್ದು." ಮೇಷ್ಟ್ರದು ದೊಡ್ಡ ಮನಸ್ಸು ಎಂದರು ಜನ. ಕಳ್ಳರಲ್ಲದ ನಿಮ್ಮನ್ನು ಕ್ಷಮಿಸಿ ಕಳ್ಳರನ್ನಾಗಿ ಮಾಡಿದೆ. ಮಂದೆಯಿಂದ ಮರಳಿದ ನಿಮ್ಮ ನೆಂಟರು ಅದು ತವರಿನ ಕುರಿಯೆಂದು ಊರಿಗೆಲ್ಲ ಹೇಳಿದರು. "ತಮ್ಮೋನ್ನ ಬಿಟ್ಟುಕೊಡ್ತಾರಾ?" ಎಂದು ಊರು ಕೇಳಿತು. ಹಾಗೆ ಕೇಳಿದವರಲ್ಲಿ ಮೊದಲಿಗ ನಾನು. ಆ ತಿಂಗಳಲ್ಲೇ ಇನ್ನೂ ಎರಡು ಕುರಿ ಹೋದವು. ನಾನು ಪಡೆಯನ್ನು ಸದ್ದಿಲ್ಲದೆ ಮುಚ್ಚಿದೆ. ಗೊಬ್ಬರಕ್ಕೆಂದು ನಿಮ್ಮ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ ರೈತರು ಆಮೇಲೆ ಕರೆಯಲಿಲ್ಲ. ನೀವು ಊರು ಬಿಟ್ಟು ಹಿರಿಯೂರು ಕಡೆ ಹೋದಿರಿ.

ಈಗಿನ ವಿಷಯ. ನಿಮ್ಮ ಮಗಳನ್ನು ನೋಡಿ ಹೋದ ಭರಮಸಾಗರದವರು ಯಾಕೆ ತಿರುಗಿ ಬರಲಿಲ್ಲ ಎಂದು ನೀವು ಯೋಚಿಸುತ್ತಿರಬಹುದು. ಕಾರಣ ನಾನು. ಹೋದ ತಿಂಗಳು ಹುಡುಗನ ಸೋದರಮಾವ ಹೊಳಲ್ಕೆರೆಗೆ, ನಾನು ಈಗಿರುವ ಮನೆಗೆ ಬಂದಿದ್ದರು.

"ಮೇಷ್ಟ್ರೇ, ನೀವು ಸುಳ್ಳು ಹೇಳೋರಲ್ಲ ಅಂತ ಬಂದೀವಿ. ಮೈಲಾರಪ್ಪಂದು ಕುರಿ ವಿಚಾರ ಏನೋ ಐತಂತಲ್ಲ?"

"ಹಳೇದು. ಬಿಟ್ಬಿಡ್ರಿ," ಎಂದೆ.

"ಹಂಗಾದ್ರೆ ಇತ್ತು ಅನ್ರಿ."

ನಾನು ಸುಮ್ಮನಿದ್ದೆ. ಇವರನ್ನು ಯಾರು ಕಳಿಸಿದರು, ನನ್ನ ಬಾಯಿಂದ ಏನು ಹೊರಡಿಸಲು ಬಂದಿದ್ದಾರೆ ಎಂದು ಯೋಚಿಸುತ್ತಿದ್ದೆ. ನಿಮ್ಮ ಮಗಳ ಬಗ್ಗೆ ಯೋಚಿಸಲಿಲ್ಲ. ಅವರು ಕಾಫಿ ಕುಡಿದು, ಕೈಮುಗಿದು ಹೋದರು.

ಕಳೆದ ಭಾನುವಾರ ಮೊಮ್ಮಗಳು ಸಿರಿ ಹಟ ಹಿಡಿದಳೆಂದು ಚಿತ್ರದುರ್ಗಕ್ಕೆ ಕಾರ್ಟೂನ್ ಸಿನಿಮಾಕ್ಕೆ ಕರೆದೊಯ್ದೆ. ಮುಖವಾಡ ಹಾಕಿಕೊಂಡ ಒಬ್ಬ, ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ, ಪೊಲೀಸರು ಹಿಡಿಯದವರನ್ನು ಹಿಡಿಯುತ್ತಾನೆ. ಮುಖ ಮುಚ್ಚಿಕೊಂಡವನನ್ನು ನಂಬುವುದು ಹೇಗೆ ಎಂದು ಮೊದಲು ಅನಿಸಿತು. ಆಮೇಲೆ, ಹೇಳಲು ನಾಚಿಕೆ, ಅವನು ನನಗೆ ಬಹಳ ಹಿಡಿಸಿದ. ಕೊನೆಯಲ್ಲಿ ಅವನು ಒಬ್ಬನನ್ನು ಗೋಡೆಗೆ ಒತ್ತಿ ಮುಷ್ಟಿ ಎತ್ತುತ್ತಾನೆ. ಕೆಳಗೆ ಜನರೆಲ್ಲ ಹೊಡಿ ಹೊಡಿ ಎನ್ನುತ್ತಾರೆ. ಅವನ ಕೈ ಮೇಲೆಯೇ ನಿಲ್ಲುತ್ತದೆ. "ನಾನು ತಪ್ಪು ತಿಳಿದಿರಬಹುದು," ಎನ್ನುತ್ತಾನೆ. ಕೈ ಇಳಿಸುತ್ತಾನೆ.

ನನಗೆ ರೇಗಿತು. ಇಷ್ಟು ದೂರ ಬಂದು ಇದೆಂಥ ಪುಕ್ಕಲುತನ! ಹೊರಗೆ ಬಂದ ಮೇಲೆ ಸಿರಿ ಕೇಳಿದಳು: "ತಾತ, ಅವ್ನು ಹೊಡ್ದುಬಿಟ್ಟು, ಆಮೇಲೆ ಅದು ತಪ್ಪು ಅಂತ ಗೊತ್ತಾಗಿದ್ರೆ ಏನ್ ಮಾಡ್ತಿದ್ದ?"

"ಬಿಟ್ ಕಳಿಸ್ತಿದ್ದ."

"ನಮ್ ಮಿಸ್ಸೂ ಪೃಥ್ವೀನ ಹಂಗೇ ಬಿಟ್ರು. ಜಾಮಿಟ್ರಿ ಬಾಕ್ಸ್ ಅವ್ನು ತಗೊಂಡಿರ್ಲೇ ಇಲ್ಲ. ಆದ್ರೂ ಈಗ್ಲೂ ಅವ್ನ ಪಕ್ಕ ಯಾರೂ ಕೂರಲ್ಲ ತಾತ."

"ನೀನು?"

ಅವಳು ಪಾಪ್‌ಕಾರ್ನ್ ಪೊಟ್ಟಣದೊಳಗೆ ನೋಡುತ್ತ, "ನಾನೂ ಕೂರಲ್ಲ," ಎಂದಳು.

ಬಸ್ಸಿನಲ್ಲಿ ಅವಳು ನಿದ್ದೆಹೋದಳು. ಮನೆ ಮುಟ್ಟಿದ ಕೂಡಲೇ ಭರಮಸಾಗರಕ್ಕೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ, ಅಜ್ಜಿಯ ಮಾತನ್ನೂ ಸೇರಿಸಿ.

"ತವರು ಕುರಿನಾ?" ಎಂದರು ಆ ಸೋದರಮಾವ. "ಇಷ್ಟೇನಾ ವಿಷ್ಯ? ನಮ್ಮನ್ಯಾಗೂ ಅಂಥವು ಐದಾರು ಅವೆ ಮೇಷ್ಟ್ರೇ. ಅವತ್ತೇ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ರಿ. ಹುಡುಗುಂಗೆ ಬ್ಯಾರೆ ಕಡೆ ತಾಂಬೂಲ ಆಗೈತೆ."

ಈ ಸಂಬಂಧವನ್ನು ನಾನು ನಿಮಗೆ ಮರಳಿ ಕೊಡಲಾರೆ. ಕ್ಷಮಿಸಿ ಎಂದು ಕೇಳಲೂ ಧೈರ್ಯವಿಲ್ಲ. ಕ್ಷಮೆಯನ್ನು ಹೇಗೆಲ್ಲ ಬಳಸಬಹುದೆಂದು ನನಗೆ ಚೆನ್ನಾಗಿ ಗೊತ್ತು. ನಿಮ್ಮ ಮಗಳ ಬಗ್ಗೆ ವಿಚಾರಿಸುವ ಮುಂದಿನವರು ನೀವು ಬಿಟ್ಟುಹೋದ ಊರಿಗೇ ಹೋಗಿ ಕೇಳುತ್ತಾರೆ. ಅಲ್ಲಿ ಇಂದಿಗೂ ನನ್ನ ಸುಳ್ಳೇ ಸಿಗುತ್ತದೆ.

ಆದ್ದರಿಂದ ನಾಳೆ ಮೊದಲ ಬಸ್ಸಿಗೆ ಆ ಊರಿಗೆ ಹೊರಡುತ್ತೇನೆ. ಈ ಪತ್ರ ನಿಮಗೆ ಅಂಚೆಯಲ್ಲಿ ಬರುತ್ತದೆ. ಇದರ ಇನ್ನೊಂದು ಪ್ರತಿಯನ್ನು, ಕೆಳಗೆ ನನ್ನ ಹೆಸರು ಬರೆದು, ಹಾಲಿನ ಡೈರಿಯ ಗೋಡೆಗೆ ಅಂಟಿಸುತ್ತೇನೆ. ಬೆಳಿಗ್ಗೆ ಅಲ್ಲಿಗೆ ಪ್ರತಿ ಮನೆಯಿಂದ ಒಬ್ಬರಾದರೂ ಬರುತ್ತಾರೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ನಡುವೆ ಯಾರಾದರೂ "ಬಿಡ್ರಿ ಮೇಷ್ಟ್ರೇ, ಹಳೇದು" ಎಂದರೆ, ಮತ್ತೆ ಮೊದಲಿನಿಂದ ಓದುತ್ತೇನೆ.