ಬಸ್ಸಿನ ಹಾಡಿನ ಟೀಚರ್

ಕಳೆದ ಸೋಮವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ನಾನು ಆಳಂದದ ಬಸ್ ನಿಲ್ದಾಣದಲ್ಲಿ, ಮಾದನಹಿಪ್ಪರಗಾ ಬಸ್ಸು ನಿಲ್ಲುವ ಜಾಗದ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಕೈಯಲ್ಲಿ ಔಷಧದ ಚೀಲವಿತ್ತು. ಗೇಟಿನ ಹೊರಗೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಚಹಾ ಕುಡಿಯಲು ಇಳಿದ ಡ್ರೈವರ್ ಹಾಡು ಬಂದ್ ಮಾಡಿರಲಿಲ್ಲ. ಹಳೆಯ ಡಿಜೆ ಹಾಡು. ಹತ್ತು ವರ್ಷದ ಹಿಂದೆ ನಮ್ಮ ಭಾಗದಲ್ಲಿ ಅದಿಲ್ಲದೆ ಒಂದು ಮದುವೆ ಮೆರವಣಿಗೆಯೂ ಹೊರಡುತ್ತಿರಲಿಲ್ಲ. ಹೊಸ ಅಂಗಿ ತೊಟ್ಟ ಹುಡುಗನೊಬ್ಬ ಸ್ಟ್ಯಾಂಡಿನಲ್ಲಿ ನಿಂತಿದ್ದಾನೆ, ಏಳು ಗಂಟೆಯ ಬಸ್ಸಿಗೆ ಬರುತ್ತೇನೆ ಅಂದವಳು ಬಂದಿಲ್ಲ... ಅಷ್ಟೇ ಅದರ ಕಥೆ. ಎರಡನೆಯ ಚರಣ ಬರುವಷ್ಟರಲ್ಲಿ ನಾನು ಒಂದು ಕೈಯಿಂದ ಕಂಬ ಹಿಡಿದುಕೊಂಡಿದ್ದೆ. ಆ ಚರಣ ನನಗೆ ಕನ್ನಡದಲ್ಲಿ ಕೇಳಿಸಲಿಲ್ಲ. ಮೂವತ್ತು ಮಕ್ಕಳು ಇಂಗ್ಲಿಷಿನಲ್ಲಿ ಹೇಳಿದಂತೆ ಕೇಳಿಸಿತು.

ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಊರಿನ ಸರ್ಕಾರಿ ಶಾಲೆ. ಊರಿನ ಹೆಸರು ಬೇಡ. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ, ಮುಖ್ಯಗುರುವಿನ ಪ್ರಭಾರವೂ ನನ್ನ ಮೇಲಿತ್ತು. ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇರಲಿಲ್ಲ. ಅತಿಥಿ ಶಿಕ್ಷಕಿಯೊಬ್ಬರು ಅಫಜಲಪುರದಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮಕ್ಕಳು ಟೀಚರ್ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ತವರು ಜೇವರ್ಗಿ ಕಡೆ. ತಂದೆ ತಾಯಿ ಹೊಲದ ಕೂಲಿಯವರು, ಮನೆಯಲ್ಲಿ ಓದಿದವರು ಇವರೊಬ್ಬರೇ. ಯಾವ ಓಣಿಯವರು ಎಂಬುದನ್ನು ಊರವರು ಮೊದಲ ವಾರದಲ್ಲೇ ಕೇಳಿ ತಿಳಿದುಕೊಂಡಿದ್ದರು. ಅತಿಥಿ ಶಿಕ್ಷಕರ ಕೆಲಸ ವರ್ಷ ವರ್ಷದ್ದು. ಪ್ರತಿ ಜೂನಿನಲ್ಲಿ ಶಾಲಾ ಸಮಿತಿ ಒಪ್ಪಬೇಕು, ಮುಖ್ಯಗುರು ಹೆಸರು ಬರೆಯಬೇಕು. ಅವರಿಗೆ ಇದ್ದದ್ದು ಅದೊಂದೇ ಕೆಲಸ.

ಮೊದಲ ಮೂರು ತಿಂಗಳು ಅವರು ಪುಸ್ತಕ ಹಿಡಿದೇ ಕಲಿಸಿದರು. ಆರನೆಯ ಇಯತ್ತೆಯ ಮಕ್ಕಳು ಬಾಯಿ ಬಿಡಲಿಲ್ಲ. ಒಂದು ದಿನ ಬಿಸಿಯೂಟದ ಸಾಲಿನಲ್ಲಿ ಅದೇ ಮಕ್ಕಳು ತಾಟು ಬಡಿಯುತ್ತ ಈ ಹಾಡನ್ನು ಹಾಡುವುದು ಅವರ ಕಿವಿಗೆ ಬಿತ್ತು. ಮರುದಿನ ಕೈಚೀಲದಲ್ಲಿ ಒಂದು ಸಣ್ಣ ಸ್ಪೀಕರ್ ಬಂತು.

ಸಣ್ಣ ಮೈದಾನದ ಆಚೆ ಬದಿಗೆ, ಮುಖ್ಯ ಕಟ್ಟಡದಿಂದ ಬೇರೆಯಾಗಿ, ತಗಡಿನ ಮಾಡಿನ ಹೊಸ ಕೋಣೆಯೊಂದಿತ್ತು. ಆರನೆಯ ಇಯತ್ತೆ ಅಲ್ಲಿ ಕೂಡುತ್ತಿತ್ತು. ಟೀಚರ್ ಹಾಡಿನ ಒಂದು ಸಾಲು ಕೇಳಿಸಿ ನಿಲ್ಲಿಸುತ್ತಿದ್ದರು. ಬಸ್ಸು, ಸ್ಟ್ಯಾಂಡು, ಟಿಕೇಟು, ಸೀಟು, ಬ್ಯಾಗು, ಟೈಮು... ಮಕ್ಕಳು ಹೇಳಿದ್ದನ್ನೆಲ್ಲ ಫಲಕದ ಮೇಲೆ ಬರೆದರು. ಫಲಕ ತುಂಬಿತು.

“ನಿಮಗ ಇಂಗ್ಲಿಷ್ ಬರೂದಿಲ್ಲಂತ ಯಾರ್ ಅಂದ್ರು?” ಎಂದು ಕೇಳಿದರು. ನಾನು ಕಿಟಕಿಯ ಹೊರಗಿದ್ದೆ. ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು.

ಆಮೇಲೆ ಗೋಡೆಯ ಮೇಲೆ ಮೂರು ಕಡೆ ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆದರು. ಎಡಕ್ಕೆ ನಿನ್ನೆ, ನಡುವೆ ಇವತ್ತು, ಬಲಕ್ಕೆ ನಾಳೆ. ಹಾಡುವ ಮಗು ಯಾವ ಮಾತಿನ ಕೆಳಗೆ ನಿಂತಿದೆಯೋ ಆ ಕಾಲದಲ್ಲಿ ಸಾಲನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಧಾಟಿ ಬಿಡಬಾರದು. ‘ದಿ ಬಸ್ ಈಸ್ ಕಮಿಂಗ್’ ಎಂದು ನಡುವೆ ನಿಂತು ಹೇಳಿದವಳು ಎರಡು ಹೆಜ್ಜೆ ಎಡಕ್ಕೆ ಸರಿದರೆ ‘ದಿ ಬಸ್ ಕೇಮ್’ ಅನ್ನಬೇಕು. ಅರ್ಧ ತರಗತಿ ಕೇಳುತ್ತಿತ್ತು: ವೇರ್? ವೆನ್? ಹೂ ಸಾ ಹಿಮ್? ಉಳಿದರ್ಧ ಉತ್ತರ ಕೊಡುತ್ತಿತ್ತು. ಎಲ್ಲಿ ನಿಂತಿದ್ದ, ಯಾವಾಗ ನಿಂತಿದ್ದ, ಅವನನ್ನು ಯಾರು ನೋಡಿದರು.

“ನಾಳೆ ಬರ್ತಾಳ ಅಂತ ಇಂಗ್ಲಿಷಿನ್ಯಾಗ ಹೆಂಗ ಹೇಳ್ತೀರಿ?” ಎಂದು ಒಮ್ಮೆ ಕೇಳಿದರು.

“ನಾಳೆ ಬರಂಗಿಲ್ರಿ ಟೀಚರ್. ಐತವಾರ ನಮ್ಮೂರಿಗೆ ಬಸ್ಸೇ ಇಲ್ರಿ,” ಎಂದಿತು ಒಂದು ಮಗು.

ಟೀಚರ್ ಫಲಕಕ್ಕೆ ಒರಗಿ ನಕ್ಕರು. “ಹಂಗಾರ ನಾಳೆದ್ದು ಕಡೀಕ ನೋಡೂಣು. ಮೊದಲ ನಿನ್ನೆದು ಗಟ್ಟಿ ಮಾಡ್ರಿ.”

ಆ ತರಗತಿಯಲ್ಲಿ ಮರಾಠಿ ಮನೆಮಾತಿನ ಹುಡುಗಿಯೊಬ್ಬಳಿದ್ದಳು. ಎರಡು ವರ್ಷದಲ್ಲಿ ನನ್ನ ಕನ್ನಡ ತಾಸಿನಲ್ಲಿ ಅವಳು ‘ಹಾಜರ್ರಿ’ ಅಂದದ್ದು ಬಿಟ್ಟರೆ ಬೇರೆ ಮಾತು ಕೇಳಿರಲಿಲ್ಲ. ಅವಳು ‘ನಿನ್ನೆ’ಯ ಕೆಳಗೆ ನಿಂತು, ಕಣ್ಣು ಮುಚ್ಚಿ, ಇಡೀ ಚರಣವನ್ನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕಣ್ಣಾರೆ ಕಂಡೆ. ಹಾಡು ಅಡುಗೆಮನೆಯವರೆಗೂ ಹೋಗಿತ್ತು. ಬಿಸಿಯೂಟ ಮಾಡುವ ಅವ್ವ ಒಂದು ದಿನ ಸೌಟು ಹಿಡಿದು ಬಂದು, “ಗುರುಗಳ, ನನಗೂ ಬಂತ್ರಿ ಈಗ. ಅನ್ನ ವೇಟಿಂಗ್, ಸಾರ್ ಕಮಿಂಗ್,” ಅಂದಳು.

ಈಗ ಆ ದಿನದ ಮಾತು.

ಆ ಊರಲ್ಲಿ ಒಂದು ರೂಢಿಯಿತ್ತು. ಶಾಲೆಯ ಹತ್ತಿರದ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಶವ ಊರ ಹೊರಗೆ ಹೋಗುವತನಕ ಶಾಲೆಯ ಗಂಟೆ ಹೊಡೆಯುತ್ತಿರಲಿಲ್ಲ. ಹಿಟ್ಟಿನ ಗಿರಣಿ ನಿಲ್ಲುತ್ತಿತ್ತು. ಮಕ್ಕಳು ತುಟಿ ಅಲ್ಲಾಡಿಸದೆ ಬರೆಯುತ್ತ ಕೂಡುತ್ತಿದ್ದರು. ಸುದ್ದಿ ಮುಖ್ಯಗುರುವಿಗೆ ಬರಬೇಕು, ಮುಖ್ಯಗುರು ಪ್ರತಿ ತರಗತಿಗೂ ಮುಟ್ಟಿಸಬೇಕು. ಯಾವ ಕಾಗದದಲ್ಲೂ ಬರೆಯದ ನಿಯಮ ಅದು. ಬೇರೆ ಊರಿಂದ ಬರುವವರಿಗೆ ಯಾರಾದರೂ ಹೇಳಿದರಷ್ಟೇ ಗೊತ್ತು.

ಡಿಸೆಂಬರಿನ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಾನು ಆಫೀಸು ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದೆ. ಅಂದು ಊಟಕ್ಕೆ ಎಷ್ಟು ಮಕ್ಕಳು ಎಂಬುದನ್ನು ಮೊಬೈಲಿನಿಂದ ಕಳಿಸಬೇಕಿತ್ತು, ನೆಟ್‌ವರ್ಕ್ ಆ ಕಿಟಕಿಯಲ್ಲಿ ಮಾತ್ರ ಸಿಗುತ್ತಿತ್ತು. ಅಡುಗೆಯ ಅವ್ವ ಬಾಗಿಲಿಗೆ ಬಂದಳು. ಸೆರಗಿಗೆ ಕೈ ಒರೆಸುತ್ತಿದ್ದಳು.

“ಗುರುಗಳ, ಅಧ್ಯಕ್ಷರ ಅವ್ವ ಹೋದ್ಳಂತ್ರಿ. ಈಗ ಹೆಣ ಕೂಡಿಸ್ಯಾರ. ಗಂಟಿ ಹೊಡಿಬ್ಯಾಡ್ರಂತ.”

ಅಧ್ಯಕ್ಷರು ಅಂದರೆ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಅವರ ಮನೆ ಹೊಸ ಕೋಣೆಯ ಹಿಂದಿನ ಓಣಿಯಲ್ಲಿ.

“ಆತು, ಹೇಳ್ತೇನಿ,” ಅಂದೆ.

ಪಕ್ಕದ ಐದನೆಯ ಇಯತ್ತೆಗೆ ಹೇಳಿದೆ. ಏಳನೆಯದಕ್ಕೂ ಹೇಳಿದೆ. ಮೈದಾನ ದಾಟಬೇಕಿತ್ತು. ಬಿಸಿಲು ಏರಿತ್ತು. ಮೊಬೈಲು ‘ಕಳಿಸಲಾಗಲಿಲ್ಲ’ ಎಂದು ಮತ್ತೆ ಮತ್ತೆ ತೋರಿಸುತ್ತಿತ್ತು. ಇದೊಂದು ಹೋಗಲಿ, ಆಮೇಲೆ ಆ ಕಡೆ ಹೋದರಾಯಿತು ಅಂದುಕೊಂಡು ಕಿಟಕಿಗೆ ವಾಪಸು ಬಂದೆ. ಹೀಗೆ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ. ಮರೆತುಬಿಟ್ಟೆ ಎಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಹಾಡು ಶುರುವಾಯಿತು. ಮೊದಲು ಸ್ಪೀಕರಿನಿಂದ ಒಂದು ಸಾಲು, ಬೆನ್ನಿಗೆ ಮೂವತ್ತು ಮಕ್ಕಳ ದನಿ. ಓಣಿಯಲ್ಲಿ ಭಜನೆಯವರು ಒಂದು ಪದ ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತು ಅದು. ತಗಡಿನ ಮಾಡು ದನಿಯನ್ನು ದೊಡ್ಡದು ಮಾಡಿ ಕಳಿಸುತ್ತಿತ್ತು. ಮಕ್ಕಳು ಏನು ಹೇಳುತ್ತಿದ್ದಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಧಾಟಿ ಎಲ್ಲರಿಗೂ ಗೊತ್ತಿತ್ತು.

ನಾನು ಓಡಿದೆ. ಆಫೀಸಿನ ಮುಂದಿನ ಕಟ್ಟೆಯ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಆರೇಳು ಜನ ಗೇಟು ದಾಟಿ ಬಂದಿದ್ದರು. ಆ ಮೆಟ್ಟಿಲ ಮೇಲೇ ನಿಂತೆ, ಎಡಗೈ ಕಂಬದ ಮೇಲೆ. ಹೊಸ ಕೋಣೆಯ ಬಾಗಿಲು ಅಲ್ಲಿಂದ ಇಪ್ಪತ್ತು ಹೆಜ್ಜೆ. ಅಡುಗೆಯ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿದ್ದಳು, ನನ್ನ ಬಲಕ್ಕೆ.

“ಏ ಟೀಚರ್ ಬಾಯಿ, ಅಲ್ಲಿ ಹೆಣ ಕುಂತದ, ನೀ ಇಲ್ಲಿ ಡಿಜೆ ಹಚ್ಚೀದಿ?” ಎಂದು ಒಬ್ಬ ಕೂಗಿದ.

“ಇದು ಸಾಲೀನೋ ಲಗ್ನದ ಮಂಟಪೋ?” ಎಂದ ಇನ್ನೊಬ್ಬ. “ಅಕೀಗೆ ನಮ್ಮ ಮನಿ ಸಾವು ಅಂದ್ರ ಏನ್ ಅನಸ್ತದಲೇ?”

ಟೀಚರ್ ಹೊರಗೆ ಬಂದರು. ಕೈಯಲ್ಲಿ ಸೀಮೆಸುಣ್ಣವಿತ್ತು. ಹಾಡು ನಿಂತಿತ್ತು. “ನನಗ ಗೊತ್ತಿಲ್ರಿ ಅಣ್ಣಾರ. ಖರೇನ ಗೊತ್ತಿಲ್ರಿ. ಯಾರೂ ಹೇಳಿಲ್ರಿ,” ಅಂದರು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಬರಿಗಾಲು, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಒದ್ದೆ ಟವೆಲ್. ಅವರು ಕೂಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: “ಗುರುಗಳ, ನಿಮಗ ಸುದ್ದಿ ಬಂದಿತ್ತಲ್ಲ. ಕ್ಲಾಸಿಗೆ ಹೇಳಿದ್ರೋ ಇಲ್ಲೋ?”

“ಹೇಳೇನ್ರಿ,” ಅಂದೆ.

ಎರಡು ತರಗತಿಗೆ ಹೇಳಿದ್ದೆನಲ್ಲ. ಆ ಲೆಕ್ಕದಲ್ಲಿ ಅದು ಸುಳ್ಳಾಗಿರಲಿಲ್ಲ...

ಟೀಚರ್ ನನ್ನನ್ನು ನೋಡಿದರು. ಅವರು ಎದುರು ಮಾತಾಡುತ್ತಾರೆ ಎಂದುಕೊಂಡೆ. ಆಡಲಿ ಎಂದೂ ಅನಿಸಿತೇ? ಅದು ಈಗ ನೆನಪಾಗುವುದಿಲ್ಲ. ಅವರು ಸೀಮೆಸುಣ್ಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಧ್ಯಕ್ಷರಿಗೆ ಕೈ ಮುಗಿದು, “ತಪ್ಪಾತ್ರಿ,” ಎಂದರು. ಅಡುಗೆಯ ಅವ್ವ ಒಳಗೆ ಹೋದಳು. ಅಂದು ಊಟ ಬಡಿಸುವಾಗ ಅವಳು ನನ್ನ ತಾಟಿನ ಕಡೆ ನೋಡಿ ಬಡಿಸಿದಳು, ಮುಖದ ಕಡೆ ನೋಡಲಿಲ್ಲ.

ಮೂರು ದಿನದ ಮೇಲೆ ತಾಲ್ಲೂಕಿನ ಶಿಕ್ಷಣ ಕಚೇರಿಯಿಂದ ಒಬ್ಬರು ಬಂದು ನನ್ನ ಹೇಳಿಕೆ ಬರೆಸಿಕೊಂಡರು. ಒಂದೂವರೆ ಪುಟ. ನಾನು ಎಲ್ಲಿ ನಿಂತಿದ್ದೆ, ಎಷ್ಟು ಗಂಟೆಗೆ ಹಾಡು ಕೇಳಿಸಿತು, ಎಷ್ಟು ಜನ ಬಂದರು, ಯಾರು ಏನಂದರು, ಎಲ್ಲವನ್ನೂ ಬರೆದೆ. ಸುಳ್ಳು ಅನ್ನಬಹುದಾದ ಒಂದು ಶಬ್ದವೂ ಅದರಲ್ಲಿಲ್ಲ. ಆದರೆ ಹೇಳಿಕೆ ಹನ್ನೊಂದೂ ನಲವತ್ತರಿಂದ ಶುರುವಾಗುತ್ತದೆ. ಹನ್ನೊಂದೂ ಇಪ್ಪತ್ತು ಅದರಲ್ಲಿಲ್ಲ.

ಮುಂದಿನ ಜೂನಿನಲ್ಲಿ ಸಮಿತಿಯವರು ಬೇರೆ ಹೆಸರು ಹೇಳಿದರು. ಪಟ್ಟಿ ಬರೆದದ್ದು ನಾನೇ. ಅದಕ್ಕೂ ಮೊದಲು, ಏಪ್ರಿಲಿನಲ್ಲಿ ಶಾಲೆಯ ಕೊನೆಯ ದಿನ, ಟೀಚರ್ ಕೋಣೆಯ ಚಾವಿ ಕೊಡಲು ಆಫೀಸಿಗೆ ಬಂದಿದ್ದರು. ಸ್ಪೀಕರ್ ಚೀಲದಲ್ಲಿತ್ತು. ನಾನು ಕೂಡ್ರಿ ಅಂದೆ, ಅವರು ಕೂಡಲಿಲ್ಲ.

“ನಿನ್ನೆದು ಮುಗದದರಿ. ಇವತ್ತಿಂದೂ ಆಗ್ಯದ,” ಅಂದರು. “ನಾಳೆದ್ದು ಮಕ್ಕಳಿಗೆ ಇನ್ನಾ ಹೇಳೇ ಇಲ್ರಿ. ಯಾರರೆ ಬಂದ್ರ ಅಲ್ಲಿಂದ ಹಿಡೀರಿ ಅಂತ ಹೇಳ್ರಿ ಗುರುಗಳ.”

ಆಗಲಿ ಅಂದೆ. ಬಂದವರಿಗೆ ಹೇಳಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದಾಗ ಬರಹ ಎರಡು ಸಲ ಮೇಲೆ ಎದ್ದಿತು, ಮೂರನೆಯ ಸಲ ಮುಚ್ಚಿಹೋಯಿತು.

ಟ್ರ್ಯಾಕ್ಟರಿನ ಡ್ರೈವರ್ ಬಂದು ಹತ್ತಿದ. ಹಾಡು ಅವನ ಜೊತೆ ಹೋಯಿತು. ನಾನು ಇನ್ನೂ ಕಂಬ ಹಿಡಿದು ನಿಂತಿರುವಾಗಲೇ ಬಿಳಿ ಕೋಟು ಮಡಿಸಿ ಕೈಮೇಲೆ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಹತ್ತಿರ ಬಂದಳು. “ನಮಸ್ಕಾರ್ರಿ ಗುರುಗಳ. ಆರಾಮ ಇಲ್ಲೇನ್ರಿ? ಕೂಡ್ರಿ ಮೊದಲ,” ಎಂದು ಕೈ ಹಿಡಿದು ಕಲ್ಲುಬೆಂಚಿನ ಮೇಲೆ ಕೂಡಿಸಿದಳು. ‘ನಿನ್ನೆ’ಯ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದ ಆ ಹುಡುಗಿ. ಹೆಸರು ಭಾಗ್ಯಶ್ರೀ. ನರ್ಸಿಂಗ್ ಮುಗಿಸಿ ಆಳಂದದಲ್ಲೇ ಒಂದು ದವಾಖಾನೆಯಲ್ಲಿ ಕೆಲಸಕ್ಕಿದ್ದಾಳೆ.

“ಆ ಹಾಡ ಕೇಳಿದ್ರೇನ್ರಿ?” ಅಂದಳು. ಹೂಂ ಅಂದೆ. ಟೀಚರ್ ಎಲ್ಲಿದ್ದಾರೆ ಎಂದು ಕೇಳಿದೆ. ಹತ್ತು ವರ್ಷದಲ್ಲಿ ಯಾರನ್ನೂ ಕೇಳದ ಮಾತು ಅದು.

“ಹೋದ್ರಲ್ರಿ ಗುರುಗಳ. ಹ್ವಾದ ವರ್ಷ. ನಿಮಗ ಗೊತ್ತಿಲ್ಲೇನ್ರಿ?” ಅಂದಳು. ಓದುವಾಗ ಅವಳು ಜೇವರ್ಗಿಯಲ್ಲಿ ಅತ್ತೆಯ ಮನೆಯಲ್ಲಿದ್ದು ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳಂತೆ. ಅದೇ ಬಸ್ಸಿಗೆ ಟೀಚರ್ ಯಾವುದೋ ಹಳ್ಳಿಯ ಸಣ್ಣ ಖಾಸಗಿ ಶಾಲೆಗೆ ಹೋಗುತ್ತಿದ್ದರಂತೆ. “ನಾಳೆದ್ದು ನನಗ ಬಸ್ಸಿನ್ಯಾಗೇ ಮುಗಿಸಿದ್ರು. ಸೀಟಿಲ್ಲ ಏನಿಲ್ಲ, ನಿಂತೇ ಹಾಡೂದು. ಕಂಡಕ್ಟರ್ ನಗ್ತಿದ್ದ. ಕಡೀಕ ಜಡ್ಡಿನ್ಯಾಗ ಭಾಳ ಸೊರಗಿದ್ರು...” ಅವಳು ಕೋಟನ್ನು ಇನ್ನೊಂದು ಕೈಗೆ ಬದಲಿಸಿದಳು. “ಆ ದಿನದ್ದು ಒಮ್ಮೊಮ್ಮೆ ಆಡೋರು. ‘ನನಗ ಸುದ್ದಿ ಮುಟ್ಟಿರಲಿಲ್ಲ ಬೇ,’ ಅಷ್ಟೇ ಅನ್ನೋರು. ಯಾರ ಹೆಸರೂ ತಗೀತಿರ್ಲಿಲ್ರಿ.”

ನನ್ನ ಬಸ್ಸು ಬಂತು. ಅವಳು ಔಷಧದ ಚೀಲ ಹಿಡಿದು ಹತ್ತಿಸಿ, ಕಿಟಕಿಯ ಹತ್ತಿರದ ಸೀಟು ಕೊಡಿಸಿ ಇಳಿದಳು. ಅವಳಿಗೆ ಹೇಳಬೇಕಿತ್ತು. ಬಸ್ಸು ಹೊರಟಿತ್ತು.

ಆದ್ದರಿಂದ ಹೇಳಿಕೆಯ ಬಿಟ್ಟುಹೋದ ಸಾಲನ್ನು ಇಲ್ಲಿ ಬರೆಯುತ್ತಿದ್ದೇನೆ. ಸುದ್ದಿ ನನಗೆ ಹನ್ನೊಂದೂ ಇಪ್ಪತ್ತಕ್ಕೆ ಬಂದಿತ್ತು. ಆರನೆಯ ಇಯತ್ತೆಗೆ ನಾನು ಅದನ್ನು ಮುಟ್ಟಿಸಲಿಲ್ಲ. ಅಧ್ಯಕ್ಷರು ಈಗಿಲ್ಲ. ಟೀಚರ್ ಇಲ್ಲ. ಬಾಗಿಲಿಗೆ ಬಂದು ಸುದ್ದಿ ಹೇಳಿದವಳು, ನಾನು “ಹೇಳೇನ್ರಿ” ಅಂದದ್ದನ್ನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದವಳು ಶರಣವ್ವ. ಅದೇ ಊರಲ್ಲಿದ್ದಾಳೆ. ಕಣ್ಣು ಮಂಜಾಗಿದೆ ಅನ್ನುತ್ತಾರೆ, ನೆನಪು ಚೆನ್ನಾಗಿದೆಯಂತೆ.