ಯಾರ ಮನೆಯ ಬಾಣಂತಿ?

ಕಳೆದ ತಿಂಗಳು ಅಥಣಿಯ ನಮ್ಮ ಕಾಲೇಜಿನ ಸಾಮಾನು ಕೋಣೆ ಖಾಲಿ ಮಾಡುವಾಗ ಹಳೆಯ ಸ್ಲೈಡ್ ಪ್ರೊಜೆಕ್ಟರ್ ಸಿಕ್ಕಿತು. ಇನ್ನೂ ಜೀವ ಇದೆಯೇ ನೋಡೋಣವೆಂದು ಸ್ವಿಚ್ ಒತ್ತಿದೆ. ದೀಪ ಹತ್ತಿತು, ಜೊತೆಗೇ ದೂಳು ಸುಟ್ಟ ವಾಸನೆ ಎದ್ದಿತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಮಾತ್ರ ಅಲ್ಲೇ ಕುಳಿತೆ. ನನ್ನ ಮೇಡಂ ನೆನಪಾಗಿದ್ದರು...

ಎಂಬತ್ತರ ದಶಕದ ಕೊನೆಯ ಮಾತು. ಅವರು ನನ್ನ ಸಂಶೋಧನೆಯ ಮಾರ್ಗದರ್ಶಕರು. ಮಗು ಹುಟ್ಟುವ ಮುಂಚಿನ ಮತ್ತು ಹುಟ್ಟಿದ ಹೊಸದರ ಜೀವಶಾಸ್ತ್ರ ಅವರ ವಿಷಯ. ಇಳಕಲ್ ಸೀರೆ, ಗಟ್ಟಿ ದನಿ, ಸಿಟ್ಟು ಮೂಗಿನ ತುದಿಯಲ್ಲೇ. ತಂಬಾಕಿನ ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ದುಡಿಯುವ ತಾಯಂದಿರ ಮಕ್ಕಳು ಕಡಿಮೆ ತೂಕದವರಾಗಿ ಹುಟ್ಟುತ್ತಾರೆಯೇ ಎಂಬುದು ನಾನು ಹಿಡಿದ ಪ್ರಶ್ನೆ. ಅದಕ್ಕಾಗಿ ನಿಪ್ಪಾಣಿಯ ಹೆರಿಗೆ ವಾರ್ಡುಗಳಲ್ಲಿ ಮಗುವನ್ನೂ ತೂಗಿದ್ದೆ, ಹೆರಿಗೆಯಾದ ಮೇಲೆ ಬೀಳುವ ಮಾಸನ್ನೂ ತೂಗಿದ್ದೆ. ಊಟ ಸೇರುತ್ತಿರಲಿಲ್ಲ, ಆ ಮಾತು ಬಿಡಿ.

ಆ ವರ್ಷ ಚಿಕ್ಕೋಡಿಯಲ್ಲಿ ಇದೇ ವಿಷಯದ ಗೋಷ್ಠಿ ಇತ್ತು. ಪುಣೆ, ಧಾರವಾಡದ ಕಡೆಯಿಂದೆಲ್ಲ ದೊಡ್ಡವರು ಬರುವವರಿದ್ದರು. ಅಲ್ಲಿ ನನ್ನ ಪ್ರಬಂಧ ಅವರಿಗೆ ಒಪ್ಪಿಗೆಯಾದರೆ ಮಾತ್ರ ನನ್ನ ಸಂಶೋಧನಾ ವೇತನ ಮುಂದುವರಿಯುತ್ತಿತ್ತು. ಇಲ್ಲವಾದರೆ ಎರಡು ವರ್ಷದ ದುಡಿಮೆ ಗಂಟು ಕಟ್ಟಿಕೊಂಡು ಮನೆಗೆ.

ಇಂಥ ಗೋಷ್ಠಿಗಳಲ್ಲಿ ಮೇಡಂ ಅವರದೊಂದು ಪದ್ಧತಿಯಿತ್ತು. ಹಿಂದಿನ ದಿನವೇ ಬಂದು, ಮೊದಲ ಸಲ ಮಾತಾಡುವ ಹುಡುಗ ಹುಡುಗಿಯರನ್ನೆಲ್ಲ, ಯಾವ ಕಾಲೇಜಿನವರಾದರೂ ಸರಿ, ಒಂದು ಕೋಣೆಯಲ್ಲಿ ಕೂಡಿಸುತ್ತಿದ್ದರು. ನಡುವೆ ಒಂದು ರಾಶಿ ಚುರುಮುರಿ. ಇಂಗ್ಲಿಷ್ ಹಾಳೆಗಳನ್ನು ಮಗುಚಿ ಇಡಿಸಿ, ಮನೆಮಾತಿನಲ್ಲಿ ಹೇಳಿ ಎನ್ನುತ್ತಿದ್ದರು. ಕೊಲ್ಹಾಪುರದವರು ಮರಾಠಿಯಲ್ಲಿ, ನಾವು ಕನ್ನಡದಲ್ಲಿ.

"ನಿಮ್ಮವ್ವಗ ಹೇಳಿದಂಗ ಹೇಳ್ರಿ. ಹಂಗ ಹೇಳಾಕ ಬರಲಿಲ್ಲಂದ್ರ ನಿಮಗ ತಿಳಿದಿಲ್ಲಂತ ತಿಳ್ಕೋರಿ."

ನನ್ನ ಸರದಿ ಬಂತು. ಎದೆಯುಬ್ಬಿಸಿ ಶುರುಮಾಡಿದೆ. "ಈ ಬಾಣಂತೇರೆಲ್ಲಾ ನಿಪ್ಪಾಣಿಯವರ್ರಿ. ವಖಾರದಾಗ ದುಡಿತಾರ."

ಮೇಡಂ ಚುರುಮುರಿ ತಿನ್ನುವುದನ್ನು ನಿಲ್ಲಿಸಿದರು. "ತಡಿ ತಂಗಿ. ಇವರು ಗಂಡನ ಮನಿ ನಿಪ್ಪಾಣಿಯವರೋ, ತವರಮನಿಗಿ ಹಡಿಯಾಕ ಬಂದವರೋ?"

ಮಗುಚಿಟ್ಟ ಹಾಳೆಗಳನ್ನು ಎತ್ತಿ ತಿರುವಿದೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ. ಅವರಲ್ಲಿ ಅನೇಕರು ಅಥಣಿ, ರಾಯಬಾಗದ ಕಬ್ಬಿನ ಹೊಲಗಳ ಸೊಸೆಯರು, ಏಳನೆಯ ತಿಂಗಳಲ್ಲಿ ಅವ್ವನ ಮನೆಗೆ ಬಂದವರು. ಊರು ಯಾವುದೆಂದರೆ ತವರೂರು ಹೇಳಿದ್ದರು. ಮನೆಯಲ್ಲಿ ಏನು ಕೆಲಸ ಎಂದರೆ ಅವ್ವನ ಕೆಲಸ ಹೇಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ನಾನೇ ಸರಿಯಾಗಿ ಕೇಳಿರಲಿಲ್ಲ. ವಖಾರದ ಮುಖವನ್ನೇ ನೋಡದ ಎಷ್ಟು ಬಸುರಿಯರನ್ನು ನಾನು ವಖಾರಕ್ಕೆ ಸೇರಿಸಿದ್ದೆನೋ! ತಮಾಷೆಯೆಂದರೆ ಆಗ ನನ್ನ ಸ್ವಂತ ಅಕ್ಕನೇ ನಮ್ಮ ಮನೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು.

ಅಳು ಬಂತು. "ನನ್ನ ಹೆಸರು ತಗಸಿಬಿಡ್ರಿ ಮೇಡಂ. ಹೆಂಗೂ ಪಗಾರ ಹೋದಂಗ ಐತಿ."

"ಹೋದ್ರ ಹೋಗ್ಲಿ ಅಂತ ನಾ ಅನ್ನಂಗಿಲ್ಲ. ನನಗೂ ಹೊಟ್ಟಿ ಐತಿ," ಎಂದರು. "ಆದ್ರ ನೀ ನಾಳೆ ನಿಂದರಬೇಕು. ತೀರ್ಮಾನ ಬಿಡು. ಎಲ್ಲಿ ತಪ್ಪಿದ್ವಿ ಅನ್ನೋದ್ನ ಹೇಳು. ಅಲ್ಲಿ ಕುಂತವರೊಳಗ ಎಷ್ಟ ಮಂದಿ ಹಿಂಗ ತಪ್ಪ್ಯಾರೋ, ಯಾರಿಗೆ ಗೊತ್ತು?"

ಮರುದಿನ ಪ್ರೊಜೆಕ್ಟರಿನ ಅದೇ ದೂಳು ಸುಟ್ಟ ವಾಸನೆಯ ನಡುವೆ, ಪರದೆಯ ಪಕ್ಕ ನಿಂತು ಅಷ್ಟನ್ನೇ ಹೇಳಿದೆ. ಅಧ್ಯಕ್ಷತೆ ವಹಿಸಿದ್ದ ಧಾರವಾಡ ಕಡೆಯ ಹಿರಿಯ ವೈದ್ಯರು ನನ್ನನ್ನು ನೋಡಲೂ ಇಲ್ಲ. "ಇಕಿ ಗೈಡ್ ಯಾರು? ಎರಡು ವರ್ಷ ಏನ ಮಾಡಾಕತ್ತಿದ್ರವ್ರು?" ಎಂದು ಸಭೆಗೇ ಕೇಳಿದರು. ಯಾರೋ ನಕ್ಕರು.

ಮುಂದಿನ ಸಾಲಿನಲ್ಲಿದ್ದ ಮೇಡಂ ಎದ್ದು ನಿಂತರು.

"ನಾನ್ರಿ. ಓದೀನಿ, ಸಹಿ ಮಾಡೀನಿ. ನಾನೂ ಇದ ಕಡೆ ಹೆಣ್ಣಮಗಳು, ತವರಮನ್ಯಾಗ ಹಡದಾಕಿ. ನನಗೂ ನಿನ್ನಿತನಕಾ ಹೊಳೀಲಿಲ್ಲ. ನಿಮ್ಮ ದವಾಖಾನ್ಯಾಗ ಇದನ್ನ ಯಾರರ ಕೇಳ್ತಾರೇನ್ರಿ?"

ವೈದ್ಯರು ಮುಂದಿನ ಹೆಸರು ಹುಡುಕುತ್ತ ಹಾಳೆ ತಿರುವಿದರು. ಆದರೆ ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ನನಗೆ ಪ್ರಶ್ನೆ ಹಾಕತೊಡಗಿದರು. ಹೇಗೆ ಕೇಳಬೇಕು, ಎಷ್ಟು ತಿಂಗಳಿಗೆ ಬಂದರು, ಅಲ್ಲಿಯವರೆಗೆ ಏನು ಕೆಲಸ ಮಾಡುತ್ತಿದ್ದರು... ನಾನು ಒಂದೊಂದಕ್ಕೂ ಉತ್ತರ ಹೇಳುತ್ತ ಹೋದೆ.

ಪ್ರಶ್ನೆ ಕೇಳಿದ ಹಿರಿಯರು ಒಪ್ಪಿಗೆ ಕೊಟ್ಟರು, ನನ್ನ ವೇತನ ಮುಂದುವರಿಯಿತು. ಆ ಬಾಣಂತಿಯರನ್ನೆಲ್ಲ ಮತ್ತೆ ಹುಡುಕಿಕೊಂಡು ಗಂಡನ ಮನೆಗಳಿಗೆ ಅಲೆದೆ. ಮರುವರ್ಷದ ಗೋಷ್ಠಿಯ ಸಮಿತಿಯಲ್ಲಿ ಮಾತ್ರ, ಪ್ರತಿ ಸಲ ಇರುತ್ತಿದ್ದ ಮೇಡಂ ಹೆಸರಿರಲಿಲ್ಲ, ಹುಡುಗರನ್ನು ಕೂಡಿಸಲು ಕೋಣೆಯನ್ನೂ ಕೊಟ್ಟಿರಲಿಲ್ಲ. ಅವರು ಬಂದರು, ಪಡಸಾಲೆಯಲ್ಲಿ ಚಾಪೆ ಹಾಸಿ ಹುಡುಗರನ್ನು ಕೂಡಿಸಿಕೊಂಡರು. ಚುರುಮುರಿ ಇತ್ತು. ಬೇಸರವಾಯಿತೇ ಎಂದು ಕೇಳಬೇಕೆಂದುಕೊಂಡೆ, ಧೈರ್ಯ ಸಾಲಲಿಲ್ಲ. ಅಷ್ಟು ದೊಡ್ಡ ಮನಸ್ಸಿನವರನ್ನು ನಾನು ಮತ್ತೆ ಕಂಡಿಲ್ಲ.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಈಗ ಹುಡುಗರು ನನ್ನ ಮುಂದೆ ಕುಳಿತು ಮನೆಮಾತಿನಲ್ಲಿ ಹೇಳುತ್ತಾರೆ, ನಾನು ತಡೆದು ಕೇಳುತ್ತೇನೆ. ಆ ಹುಡುಗರ ಪರವಾಗಿ ಸಭೆಯಲ್ಲಿ ಎದ್ದು ನಿಂತದ್ದೂ ಉಂಟು. ಮೊನ್ನೆ ನನ್ನದೇ ಒಂದು ಪ್ರಬಂಧ ಮುಗಿಯಿತು. ಬಾಗಿಲು ಹಾಕಿಕೊಂಡು, ಕನ್ನಡದಲ್ಲಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿಕೊಂಡೆ. "ತಡಿ ತಂಗಿ" ಎಂದು ಯಾರೂ ತಡೆಯಲಿಲ್ಲ. ಎಲ್ಲ ಸರಿಯಾಗಿಯೇ ಇದೆ ಅನಿಸಿತು... ಆಗ ಹೆದರಿಕೆಯಾಯಿತು.