ಹೃದಯದೊಳಗಿನ ಎಲುಬು

ವಾಡಿಯಲ್ಲಿ ನಮ್ಮ ಮನೆ. ಸೇಡಂನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಪ್ರಾಣಿಗಳ ವರ್ಗೀಕರಣದ ಪಾಠದಲ್ಲಿ ಪ್ರಾಚೀನ ಗ್ರೀಕರಿಗೆ ಪುಸ್ತಕ ಒಂದೆರಡು ಸಾಲು ಕೊಡುತ್ತದೆ. ನಾನು ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ.

ಅವರಲ್ಲೊಬ್ಬಾತ ಬೆಸ್ತರನ್ನು, ಬೇಟೆಗಾರರನ್ನು, ಜೇನು ಸಾಕುವವರನ್ನು ಕೇಳಿ ಕೇಳಿ ಬರೆದುಕೊಂಡವನು. ತಾನೂ ಎಷ್ಟೋ ಪ್ರಾಣಿಗಳನ್ನು ಕೊಯ್ದು ನೋಡಿದವನು. ಒಂದು ಪ್ರಾಣಿಯ ಪಕ್ಕ ಇನ್ನೊಂದನ್ನಿಟ್ಟು ಹೋಲಿಸುವುದೇ ಅವನ ದಾರಿ. ಕೊಂಬಿರುವ ಆಡು, ಕುರಿ, ಎತ್ತುಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಹೊಟ್ಟೆಯಲ್ಲಿ ನಾಲ್ಕು ಚೀಲಗಳಿವೆ. ಕುದುರೆಗೆ ಮೇಲೂ ಕೆಳಗೂ ಹಲ್ಲಿವೆ. ಕೊಂಬಿಲ್ಲ, ಹೊಟ್ಟೆಯ ಚೀಲವೂ ಒಂದೇ. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಪೀರಿಯಡ್ಡಿನ ಕೊನೆಗೆ ಅವನ ತಪ್ಪುಗಳನ್ನೂ ಹೇಳುತ್ತಿದ್ದೆ. ಹೆಂಗಸರಿಗೆ ಗಂಡಸರಿಗಿಂತ ಹಲ್ಲು ಕಡಿಮೆ ಎಂದು ಬರೆದಿದ್ದಾನೆ. ಕುದುರೆಯ ಮತ್ತು ಒಂದು ಬಗೆಯ ಎತ್ತಿನ ಹೃದಯದೊಳಗೆ ಎಲುಬಿರುತ್ತದೆ ಎಂದೂ ಬರೆದಿದ್ದಾನೆ. ಮಕ್ಕಳು ನಗುತ್ತಿದ್ದರು. ಮೂರು ವರ್ಷಗಳ ಹಿಂದೆ ಹಾಗೆ ನಗುತ್ತಿದ್ದಾಗ, ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ನಾನು ಬರುವ ರೈಲಿನಲ್ಲೇ, ನಡುವಿನ ಚಿತ್ತಾಪುರದಿಂದ ಬರುವವಳು. ಅಲ್ಲಿ ಅವಳ ತಂದೆಯದು ಮಟನ್ ಅಂಗಡಿ.

"ಎಲುಬು ಇರ್ತದ್ರಿ ಮೇಡಂ. ಮುದಿ ಟಗರಿನ ಗುಂಡಿಗ್ಯಾಗ ನಾ ನೋಡೀನಿ."

"ಗುಂಡಿಗಿ ಅಂದ್ರ ಸ್ನಾಯು. ನೀ ಬ್ಯಾರೆ ಏನೋ ನೋಡಿರಬೇಕು, ಕುಂದ್ರು," ಎಂದೆ.

ಹಿಂದಿನಿಂದ ಯಾರೋ, "ಅವರ ಅಂಗಡ್ಯಾಗ ಎಲ್ಲಾ ಎಲುಬೇ ಕಾಣ್ತದ," ಎಂದರು. ಕ್ಲಾಸು ನಕ್ಕಿತು. ಸುಮ್ಮನಿರಿ ಎಂದೆನಾದರೂ ನನ್ನ ಮುಖದಲ್ಲೂ ನಗು ಇತ್ತು. ಅದನ್ನು ಅವಳು ನೋಡಿದಳು.

ಅಲ್ಲಿಯವರೆಗೆ ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದವಳು ಆಮೇಲೆ ಎತ್ತಲಿಲ್ಲ. ರೈಲಿನಲ್ಲಿ ನನ್ನ ಪಕ್ಕ ಕೂತು ನೋಟ್ಸ್ ಕೇಳುತ್ತಿದ್ದವಳು ಬೇರೆ ಡಬ್ಬಿ ಹತ್ತತೊಡಗಿದಳು. ಇದು ನನ್ನ ಗಮನಕ್ಕೆ ಬರಲು ಎರಡು ವಾರವೇ ಬೇಕಾಯಿತು. ಸೇಡಂ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿ ಕೇಳಿದೆ. ಅವಳು ಬ್ಯಾಗಿನ ಪಟ್ಟಿ ತಿರುಚುತ್ತ, "ನಾ ಹೇಳಿದ್ರ ನಗ್ತಾರ್ರಿ. ಅಂಗಡಿಗಿ ಬಂದು ನಮ್ಮ ಅಬ್ಬಾಗ ಕೇಳ್ರಿ," ಎಂದಳು.

ಮುಂದಿನ ಭಾನುವಾರ ಚಿತ್ತಾಪುರಕ್ಕೆ ಹೋದೆ. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಕಾಲೇಜಿನಲ್ಲಿ ಕಪ್ಪೆ ಕೊಯ್ದ ಕೈ ನನ್ನದು, ಆದರೂ ಮಟನ್ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಡಲು ಹಿಂಜರಿದೆ. ಅವಳ ತಂದೆ ನೀರಿನಲ್ಲಿ ಕೈ ತೊಳೆದುಕೊಂಡು ಕುರ್ಚಿ ಒರೆಸಿದರು.

"ಬರ್ರಿ ಮೇಡಂ, ಕುಂದ್ರಿ. ಮಗಳು ಏನರ ತಪ್ಪು ಮಾಡ್ಯಾಳೇನ್ರಿ?"

"ಇಲ್ರಿ. ಗುಂಡಿಗಿ ಒಳಗ ಎಲುಬು ಇರ್ತದೇನು ಅಂತ ಕೇಳ್ಲಿಕ್ಕೆ ಬಂದೀನಿ."

ಅವರಿಗೆ ಸಮಾಧಾನವಾಯಿತು. ಅಂದಿನ ಕುರಿಯ ಹೃದಯವನ್ನು ಸೀಳಿ ತೋರಿಸಿದರು. ಎಲುಬಿರಲಿಲ್ಲ.

"ಎಲ್ಲಾದ್ರಾಗ ಇರಂಗಿಲ್ರಿ. ಇದು ಹರೇದ್ದು. ವಯಸ್ಸಾದ ಟಗರು ಇದ್ರ, ರಕ್ತದ ದೊಡ್ಡ ನಳಗಿ ಹೊಂಡ್ತದಲ್ಲ, ಅಲ್ಲಿ ಒಮ್ಮೊಮ್ಮೆ ಸಣ್ಣದು ಸಿಗತದ. ಚೂರಿಗೆ ಟಕ್ ಅಂತ ಹತ್ತತದ."

ಆಮೇಲೆ ನಾನು ಕೇಳದೆಯೇ ಕುರಿಯ ಹೊಟ್ಟೆಯ ಚೀಲಗಳನ್ನು ಒಂದೊಂದಾಗಿ ತಿರುವಿ ತೋರಿಸಿದರು. ಒಂದು ಜೇನುಹುಟ್ಟಿನ ಹಾಗೆ, ಒಂದು ಕಿತಾಬಿನ ಹಾಳೆಗಳ ಹಾಗೆ. "ಕೋಳಿಗೆ ಹಲ್ಲಿಲ್ಲ ನೋಡ್ರಿ, ಅದಕ್ಕ ಅದು ಹಳ್ಳು-ಕಲ್ಲು ನುಂಗಿ ಹೊಟ್ಟ್ಯಾಗ ಅರಿತದ. ಕುರಿಗೆ ಮ್ಯಾಲ ಮುಂದಿನ ಹಲ್ಲಿಲ್ಲ, ಅದಕ್ಕ ಎರಡ್ ಸಲ ಅಗಿತದ," ಎಂದರು. ನಾನು ಕ್ಲಾಸಿನಲ್ಲಿ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದುದು ಇಂಥ ಹೋಲಿಕೆಯನ್ನೇ. ಕೈಯಲ್ಲಿ ಹಿಡಿದು ಹೇಳುವವರನ್ನು ಅಂದೇ ಮೊದಲು ಕಂಡೆ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಚಹಾ ಬಂತು. ಕುಡಿದೆ.

ಮನೆಗೆ ಬಂದಾಗ ನಮ್ಮತ್ತೆ ಮೂಗು ಮುಚ್ಚಿಕೊಂಡು, "ಮೊದಲ ಬಚ್ಚಲಕ್ಕ ಹೋಗವ್ವಾ," ಎಂದರು.

ಸುಮಾರು ಒಂದು ತಿಂಗಳಾದ ಮೇಲೆ ಹುಡುಗಿ ಸ್ಟಾಫ್ ರೂಮಿಗೆ ಬಂದು ಒಂದು ಸುಣ್ಣದ ಡಬ್ಬಿ ಕೊಟ್ಟಳು. ಹತ್ತಿಯ ಮೇಲೆ, ಬೆರಳಿನ ಉಗುರಿಗಿಂತ ಸಣ್ಣದಾದ, ತುಸು ಬಾಗಿದ ಎಲುಬು. ತೊಳೆದು ಒಣಗಿಸಿದ್ದರು. ಅಷ್ಟರಲ್ಲಿ ನಾನೂ ಪಶುವೈದ್ಯಕೀಯ ಪುಸ್ತಕವೊಂದನ್ನು ತರಿಸಿ ನೋಡಿದ್ದೆ. ದನಗಳ ಹೃದಯದಲ್ಲಿ ಅಂಥ ಎಲುಬು ಸಾಮಾನ್ಯವೆಂದೂ ಕುರಿಗಳಲ್ಲಿ ಕೆಲವೊಮ್ಮೆ ಇರುತ್ತದೆಂದೂ ಅದರಲ್ಲಿತ್ತು. ಇಷ್ಟು ವರ್ಷ ಅದನ್ನು ತೆರೆದು ನೋಡಬೇಕೆಂದು ನನಗೆ ಅನಿಸಿರಲಿಲ್ಲ.

ಮರುದಿನ ಡಬ್ಬಿಯನ್ನು ಕ್ಲಾಸಿನಲ್ಲಿ ಬೆಂಚಿನಿಂದ ಬೆಂಚಿಗೆ ಕಳಿಸಿದೆ. "ಎತ್ತಿನ ವಿಷಯದಾಗ ಆ ಗ್ರೀಕ್ ಮನುಷ್ಯ ಹೇಳಿದ್ದು ಖರೇ. ಟಗರಿನ ವಿಷಯದಾಗ ಈಕಿ ಹೇಳಿದ್ದು ಖರೇ. ತಪ್ಪಿದ್ದು ನಾನು. ಆವತ್ತು ನಗಬಾರದಿತ್ತು," ಎಂದೆ. ಹಿಂದಿನ ಬೆಂಚಿನವರು ತಲೆ ತಗ್ಗಿಸಿದರು. ಅವಳು ಮಾತ್ರ ಡಬ್ಬಿ ಯಾರ ಕೈಯಲ್ಲಿದೆ, ಬೀಳಿಸಿಬಿಡುತ್ತಾರೇನೋ ಎಂದು ಅದನ್ನೇ ನೋಡುತ್ತಿದ್ದಳು.

ಈಗ ಅವಳು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. ಅದಕ್ಕೆ ಈ ಘಟನೆಯೇ ಕಾರಣವಿರಬೇಕೆಂದು ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಹೋದ ರಜೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ.

"ಇಲ್ರಿ ಮೇಡಂ," ಎಂದಳು ಸಹಜವಾಗಿ. "ಅದು ನಾ ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗೇ ಅಂದ್ಕೊಂಡಿದ್ದೆ."